ಅಜ್ಜನ ಬೇಟೆ ರೈಫಲ್: ಉಜ್ಜುವ ಮೊದಲು ನಳಿಗೆಯೊಳಗೆ ನೋಡಿ

ಪುಣೆಯ ಕೋಥ್ರೂಡಿನಲ್ಲಿದ್ದ ನಮ್ಮ ಸೋದರಮಾವ ತೀರಿಕೊಂಡ ಮೇಲೆ ಕಪಾಟಿನಿಂದ ಒಂದು ರೈಫಲ್ ಹೊರಬಂತು. ಅವರ ತಂದೆ ದಾಂಡೇಲಿ ಕಾಡಿನಲ್ಲಿ ಬೇಟೆಯಾಡುತ್ತಿದ್ದ ಕಾಲದ್ದು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಮೂಲೆ ಸೇರಿತ್ತು. ಮಾರುವ ಮೊದಲು ಚೆನ್ನಾಗಿ ಕಾಣಲಿ ಎಂದು ಅತ್ತೆ ಯಾರಿಂದಲೋ ಅದನ್ನು ಮರಳು ಕಾಗದದಲ್ಲಿ ಉಜ್ಜಿಸಿಬಿಟ್ಟರು. ನನ್ನ ಹೊಟ್ಟೆ ಉರಿಯಿತು. ಇನ್ನೊಂದು ಮನೆಯಲ್ಲಿ ಹೀಗಾಗದಿರಲಿ.

ಮೊದಲ ಕೆಲಸ ಕಾನೂನಿನದು. ಮಾವನ ಪರವಾನಗಿ ಮಾವನದು ಮಾತ್ರ. ಅದರ ಬಲದಿಂದ ಮನೆಯ ಬೇರೆಯವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ನೀವೇ ಹೊತ್ತುಕೊಂಡು ಅಂಗಡಿಗೆ ಹೋಗಬೇಡಿ. ಹತ್ತಿರದ ಠಾಣೆಗೆ ತಿಳಿಸಿ, ಅಲ್ಲಿ ಅಥವಾ ಅವರು ಹೇಳಿದಂತೆ ಪರವಾನಗಿ ಇರುವ ವ್ಯಾಪಾರಿಯ ಬಳಿ ಜಮಾ ಮಾಡಿ ರಸೀದಿ ಪಡೆಯಿರಿ. ಪುಣೆ ನಗರದಲ್ಲಿ ವಾರಸುದಾರರ ಅರ್ಜಿ ಪೊಲೀಸ್ ಆಯುಕ್ತರ ಕಚೇರಿಗೆ ಹೋಗುತ್ತದೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಬಂದೂಕು. ವಾರಸಿನಿಂದ ಬಂದದ್ದೂ ಆ ಲೆಕ್ಕದಲ್ಲೇ.

ಪರೀಕ್ಷೆ ವ್ಯಾಪಾರಿಯ ಮೇಜಿನ ಮೇಲೆಯೇ ನಡೆಯಲಿ. ಒಳಗೆ ತೋಟಾ ಇಲ್ಲವೆಂದು ಅವರು ಖಾತ್ರಿ ಮಾಡಿಕೊಂಡು ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಂದೆ-ಮುಂದೆ ಎಳೆಯುವ ಭಾಗ) ತೆಗೆದ ಮೇಲೆ, ಹಿಂದಿನಿಂದ ನಳಿಗೆಯೊಳಗೆ ಬೆಳಕಿನತ್ತ ನೋಡಿ. ಒಣ ಬಟ್ಟೆ ಹಾಯಿಸಿದ ನಂತರ ಗುಂಡನ್ನು ತಿರುಗಿಸಲು ಕೊರೆದ ಸುರುಳಿ ಗೆರೆಗಳ ಅಂಚು ಚೂಪಾಗಿ, ಹೊಳೆಯುತ್ತ ಕಂಡರೆ ಅರ್ಧ ಬೆಲೆ ಅಲ್ಲೇ ಗಟ್ಟಿಯಾಯಿತು. ಸಿಡುಬಿನ ಕಲೆಯಂತೆ ಗುಳಿಗಳಿದ್ದರೆ ಅದು ಹಳೆಯ ತೋಟಾಗಳ ಕೆಲಸ. ಅವುಗಳ ಹಿಂಭಾಗದಲ್ಲಿ ಬೆಂಕಿ ಹೊತ್ತಿಸುವ ಕಿಡಿಮದ್ದು (ಪ್ರೈಮರ್) ಉರಿದು ಉಳಿಸುವ ಉಪ್ಪು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಹೊಡೆದ ದಿನವೇ ನೀರಿನಿಂದ ತೊಳೆದು ಎಣ್ಣೆ ಹಾಕದಿದ್ದರೆ, ಇಲ್ಲಿನ ಒಂದು ಮಳೆಗಾಲ ಸಾಕು. ನಳಿಗೆಯ ತುದಿಯನ್ನೂ ನೋಡಿ: ಶುಚಿಮಾಡುವ ಸಲಾಕೆ ಉಜ್ಜಿ ಉಜ್ಜಿ ಅಲ್ಲಿ ಗೆರೆ ಸವೆದಿರುತ್ತದೆ.

ಬೋಲ್ಟಿನ ಮೇಲಿನ ಸಂಖ್ಯೆಯೂ ರೈಫಲ್ಲಿನ ಸಂಖ್ಯೆಯೂ ಒಂದೇ ಇದ್ದರೆ ಒಳ್ಳೆಯದು. ಬೇರೆಯಾಗಿದ್ದರೆ ಬೆಲೆ ಇಳಿಯುವುದಷ್ಟೇ ಅಲ್ಲ, ಬೋಲ್ಟ್ ನಳಿಗೆಗೆ ಸರಿಯಾಗಿ ಕೂರುತ್ತದೆಯೇ ಎಂದು ಬಂದೂಕು ರಿಪೇರಿಯವರು ಅಳತೆ ನೋಡುವವರೆಗೆ ಅದನ್ನು ಹಾರಿಸುವುದು ಅಪಾಯ. ಮರದ ಹಿಡಿಯಲ್ಲಿ, ಕೈ ಹಿಡಿಯುವ ಸಣ್ಣ ಭಾಗದ ಬಿರುಕನ್ನು ಬೆರಳಾಡಿಸಿ ಹುಡುಕಿ.

ಆಮೇಲೆ ಲೋಹದ ಮೇಲಿನ ತಯಾರಕರ ಮುದ್ರೆಗಳು. ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯ .315 ಅಳತೆಯ (ನಳಿಗೆಯ ಒಳ ಅಗಲ, ಅಂಗುಲದಲ್ಲಿ) ರೈಫಲ್ ದೇಶದಲ್ಲಿ ಸಾಕಷ್ಟು ಸಿಗುತ್ತದೆ. ಹಾಗಾಗಿ ಹೆಚ್ಚು ಆಸೆ ಬೇಡ. ಹಾಲೆಂಡ್ ಅಂಡ್ ಹಾಲೆಂಡ್, ರಿಗ್ಬಿ, ವೆಸ್ಟ್ಲಿ ರಿಚರ್ಡ್ಸ್‌ನಂಥ ಇಂಗ್ಲೆಂಡಿನ ಹೆಸರಾಂತ ತಯಾರಕರ ಹೆಸರಿದ್ದರೆ ಎರಡನೆಯವರ ಅಭಿಪ್ರಾಯ ಪಡೆಯದೆ ಮಾರಬೇಡಿ. 1907ರಲ್ಲಿ ಭಾರತದಲ್ಲಿ .450 ಅಳತೆಯ ಮೇಲೆ ನಿಷೇಧ ಬಂದಾಗ ಇಂಗ್ಲೆಂಡಿನವರು .470ರಂಥ ಹೊಸ ಅಳತೆಗಳನ್ನು ತಂದರು. ಅಂಥ ಜೋಡಿ ನಳಿಗೆಯ ರೈಫಲ್ಲನ್ನು ಬಯಸುವವರು ಇಂದಿಗೂ ಇದ್ದಾರೆ. ಆದರೆ ತೋಟಾ ಸಿಗದ ರೈಫಲ್ಲಿಗೆ ಗಿರಾಕಿಯೂ ಕಡಿಮೆ. ಹಳೆಯ ಪೆಟ್ಟಿಗೆ, ಖರೀದಿ ರಸೀದಿ, ಅಜ್ಜನ ಕಾಲದ ಪರವಾನಗಿ ಪುಸ್ತಕ ಇದ್ದರೆ ಜೊತೆಗಿಡಿ.

ಅತ್ತೆಯ ರೈಫಲ್ಲನ್ನು ವ್ಯಾಪಾರಿ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ತೋರಿಸಿದರು. ತಯಾರಕರ ಹೆಸರಿನ ಅರ್ಧ ಅಕ್ಷರಗಳು ಮರಳು ಕಾಗದಕ್ಕೆ ಬಲಿಯಾಗಿದ್ದವು, ನೀಲಿ ಹೊಳಪು ಹೋಗಿ ಉಕ್ಕು ಬೆತ್ತಲಾಗಿತ್ತು. ನಳಿಗೆಯೊಳಗೆ ಮಾತ್ರ ಗೆರೆಗಳು ಹೊಸದರಂತಿದ್ದವು. ಅತ್ತೆ ಬಹಳ ಹೊತ್ತು ಅದರೊಳಗೆ ನೋಡಿದರು. ಈಗ ಮಾರುವ ಮಾತಿಲ್ಲ, ಮಗನ ಹೆಸರಿನಲ್ಲಿ ಅರ್ಜಿ ಹಾಕಿಸಿದ್ದಾರೆ.