ಕೈತೋಟ ಸರಿಮಾಡುವುದಾದರೆ ಒಂದೊಂದೇ ಮೂಲೆ ಹಿಡಿಯಿರಿ

ಹಳೆಯ ಕೈತೋಟ ಸರಿಮಾಡಬೇಕು ಅನ್ನುವವರು ನನ್ನನ್ನು ಮೊದಲು ಕೇಳುವುದು, ಯಾವ ಗಿಡ ತರಲಿ ಅಂತ. ಗಿಡ ಕೊನೆಗೆ ಅಂತ ನಾನು ಹೇಳುತ್ತೇನೆ. ಮೊದಲು ನೀರು, ಆಮೇಲೆ ಮಣ್ಣು, ಆಮೇಲೆ ದಾರಿ ಮತ್ತು ಪಾತಿ, ಎಲ್ಲ ಆದ ಮೇಲೆ ಗಿಡ. ಈ ಸಾಲು ಹಿಂದುಮುಂದಾದರೆ ಬೇರು ಬಿಟ್ಟ ಗಿಡವನ್ನು ಕಿತ್ತು ಪೈಪ್ ಹಾಕಬೇಕಾಗುತ್ತದೆ, ಹಾಸಿದ ಕಲ್ಲನ್ನು ಎಬ್ಬಿಸಿ ಮತ್ತೆ ಹಾಸಬೇಕಾಗುತ್ತದೆ. ಇನ್ನೊಂದು ಮಾತು. ಇಡೀ ತೋಟಕ್ಕೆ ಒಟ್ಟಿಗೆ ಕೈ ಹಾಕಬೇಡಿ. ಒಂದು ಮೂಲೆ ಹಿಡಿಯಿರಿ, ಅದನ್ನು ಪೂರ್ತಿ ಮುಗಿಸಿ, ಆಮೇಲೆ ಪಕ್ಕದ್ದಕ್ಕೆ ಹೋಗಿ. ನಾಲ್ಕೂ ಕಡೆ ಅಗೆದು ಬಿಟ್ಟ ತೋಟ ನೋಡಿದರೆ ಬೇಸರ ಬರುತ್ತದೆ. ಆ ಬೇಸರಕ್ಕೇ ಎಷ್ಟೋ ಜನ ಗುದ್ದಲಿ ಕೆಳಗಿಡುತ್ತಾರೆ. ಮುಗಿದ ಮೂಲೆ ಚಿಕ್ಕದಾದರೂ ಮುಂದಿನ ಕೆಲಸಕ್ಕೆ ಹುರುಪು ಕೊಡುತ್ತದೆ.

ಶುರು ಮಾಡುವುದು ಬಾಗಿಲಿಗೆ ಹತ್ತಿರದ ಮೂಲೆಯಿಂದ. ತೋಟದ ತುದಿಯಲ್ಲಿ ಎಷ್ಟು ಚೆಂದ ಮಾಡಿಟ್ಟರೂ ದಿನಾ ಅಲ್ಲಿಗೆ ಹೋಗುವುದು ಕಮ್ಮಿ. ಬಾಗಿಲ ಪಕ್ಕದ ಗಿಡ ಬಾಡಿದರೆ ಆಗಲೇ ಕಣ್ಣಿಗೆ ಬೀಳುತ್ತದೆ, ಹುಳ ಹತ್ತಿದರೂ ಬೇಗ ಗೊತ್ತಾಗುತ್ತದೆ.

ಅಗೆಯುವ ಮೊದಲು ನೋಡುವ ಕೆಲಸ ಇದೆ. ಇದನ್ನು ಯಾರೂ ಕೆಲಸ ಅಂತ ಎಣಿಸುವುದಿಲ್ಲ, ಆದರೆ ಮುಂದಿನ ಅರ್ಧ ಶ್ರಮ ಉಳಿಯುವುದು ಇಲ್ಲೇ. ಒಂದು ಹಾಳೆಯ ಮೇಲೆ ಮನೆ, ಮರ, ನಲ್ಲಿ, ಕಾಂಪೌಂಡ್ ಎಲ್ಲ ಗೀಚಿಕೊಳ್ಳಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳು ಎಲ್ಲಿಯವರೆಗೆ ಬರುತ್ತದೆ ಅಂತ ಅದರಲ್ಲೇ ಗೆರೆ ಎಳೆಯಿರಿ. ಕಾಯಿ ಬಿಡುವ ತರಕಾರಿಗೆ ಮತ್ತು ಹೆಚ್ಚಿನ ಹೂಗಿಡಗಳಿಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪುಗಳು 4 ಗಂಟೆಯಲ್ಲೂ ಬರುತ್ತವೆ. ಕಾಲ ಬದಲಾದಂತೆ ಸೂರ್ಯನ ದಾರಿಯೂ ಬದಲಾಗುತ್ತದೆ, ಹಾಗಾಗಿ ಈ ಗೆರೆಗಳನ್ನು ವರ್ಷದಲ್ಲಿ ಎರಡು ಮೂರು ಸಲ ಹೊಸದಾಗಿ ಎಳೆಯಿರಿ. ಹೊಸದಾಗಿ ಬಂದ ಮನೆಯಾದರೆ ಹಳಬರು ಏನು ನೆಟ್ಟಿದ್ದರೋ ನಿಮಗೆ ಗೊತ್ತಿರುವುದಿಲ್ಲ. ಖಾಲಿ ಅಂತ ಕಾಣುವ ಜಾಗದಲ್ಲೂ ಕೆಲವು ಗೆಡ್ಡೆಗಳು ಸುಮ್ನೆ ಮಲಗಿರುತ್ತವೆ, ತಮ್ಮ ಕಾಲ ಬಂದಾಗ ಏಳುತ್ತವೆ. ಆದ್ದರಿಂದ ಒಂದು ವರ್ಷ ನೋಡಿಕೊಂಡು ಆಮೇಲೆ ದೊಡ್ಡ ಕೆಲಸಕ್ಕೆ ಇಳಿಯುವುದು ಒಳ್ಳೆಯದು.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಜೋರು ಮಳೆ ಬರುವಾಗ ಕೊಡೆ ಹಿಡಿದು ಹೊರಗೆ ಹೋಗಿ ನೋಡಿ. ನೀರು ಎಲ್ಲಿಂದ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಗೋಡೆಯ ಕಡೆ ನುಗ್ಗುತ್ತದೆಯಾ? ಬಿಸಿಲಿನಲ್ಲಿ ಇದು ಗೊತ್ತಾಗುವುದೇ ಇಲ್ಲ. ಮನೆಯ ಸುತ್ತ ನೆಲ ಹೊರಕ್ಕೆ ಇಳಿಜಾರಾಗಿರಬೇಕು. ಗೋಡೆಯಿಂದ 10 ಅಡಿ ದೂರಕ್ಕೆ ಹೋಗುವಷ್ಟರಲ್ಲಿ ಅರ್ಧ ಅಡಿ ಇಳಿದಿದ್ದರೆ ಸಾಕು. ಪಾತಿ ಮಾಡುವ ನೆಪದಲ್ಲಿ ಗೋಡೆಗೆ ಮಣ್ಣು ಏರಿಸಬೇಡಿ, ತೇವ ಗೋಡೆಗೆ ಹತ್ತಿ ಒಳಗೆ ಬಣ್ಣ ಉದುರಲು ಶುರುವಾಗುತ್ತದೆ.

ಮಣ್ಣು ನೀರನ್ನು ಎಷ್ಟು ಬೇಗ ಕುಡಿಯುತ್ತದೆ ಅಂತ ತಿಳಿಯಲು ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೆಗೆಯಿರಿ. ತುಂಬ ನೀರು ಹಾಕಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಈ ಸಲ ಒಂದು ಕಡ್ಡಿ ಇಟ್ಟು ಅಳೆಯಿರಿ. ಗಂಟೆಗೆ 1 ಇಂಚಾದರೂ ಇಳಿದರೆ ಚಿಂತೆಯಿಲ್ಲ. ಅದಕ್ಕಿಂತ ಬಹಳ ನಿಧಾನವಾದರೆ ಅಲ್ಲಿ ನೆಲಮಟ್ಟದಲ್ಲಿ ನೆಡಬೇಡಿ, ಎತ್ತರದ ಪಾತಿ ಮಾಡಿ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ನೀರು ನಿಂತ ಮಣ್ಣಿನಲ್ಲಿ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಗಿಡ ಬಾಡಿತು ಅಂತ ಅದಕ್ಕೆ ಮತ್ತೂ ನೀರು ಸುರಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬೆರಳನ್ನು ಎರಡು ಇಂಚು ಮಣ್ಣಿನೊಳಗೆ ಇಳಿಸಿ ನೋಡಿ, ತೇವ ಇದ್ದರೆ ನೀರು ಬೇಡ.

ಚಾವಣಿಯ ಮಳೆನೀರನ್ನು ಬಿಡಬೇಡಿ. 10 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರಾಗುತ್ತದೆ. ಅದನ್ನು ಹಿಡಿಯಲು ಒಂದು ಡ್ರಮ್ ಸಾಕು. ಆದರೆ 200 ಲೀಟರ್ ಡ್ರಮ್ ತುಂಬಿದರೆ 200 ಕಿಲೋಗಿಂತ ಜಾಸ್ತಿ ತೂಗುತ್ತದೆ. ಕಲ್ಲು ಅಥವಾ ಇಟ್ಟಿಗೆಯ ಗಟ್ಟಿ ಕಟ್ಟೆಯ ಮೇಲೆ ಮಟ್ಟಸವಾಗಿ ಕೂರಿಸಿ. ಮುಚ್ಚಳ ಭದ್ರವಾಗಿರಲಿ, ನೀರು ಬೀಳುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಸೊಳ್ಳೆ ಬರುವುದಿಲ್ಲ, ಮಕ್ಕಳಿಗೂ ಅಪಾಯ ಇರುವುದಿಲ್ಲ.

ಈಗ ಮಣ್ಣು. ಒಂದು ಗಾಜಿನ ಜಾಡಿಯ ಮೂರನೇ ಒಂದು ಭಾಗ ಮಣ್ಣು ಹಾಕಿ, ಮೇಲೆ ನೀರು ತುಂಬಿ, ಚೆನ್ನಾಗಿ ಅಲುಗಿಸಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ನಯವಾದ ಮೆಕ್ಕಲು ಕೆಲವು ಗಂಟೆಯಲ್ಲಿ ಅದರ ಮೇಲೆ ಕೂರುತ್ತದೆ. ಜೇಡಿಮಣ್ಣಿಗೆ ಒಂದೆರಡು ದಿನ ಬೇಕು. ಮೂರು ಪದರಗಳ ದಪ್ಪ ನೋಡಿದರೆ ನಿಮ್ಮ ಮಣ್ಣಿನ ಗುಣ ತಿಳಿಯುತ್ತದೆ. ಜೇಡಿಮಣ್ಣು ಜಾಸ್ತಿ ಇದ್ದರೆ ಅದಕ್ಕೆ ಸ್ವಲ್ಪ ಮರಳು ಬೆರೆಸಿ ಸಡಿಲ ಮಾಡುತ್ತೇನೆ ಅನ್ನುವವರು ಬಹಳ ಜನ. ಹಾಗೆ ಮಾಡಬೇಡಿ, ಒಣಗಿದ ಮೇಲೆ ಅದು ಇನ್ನೂ ಗಟ್ಟಿಯಾಗುತ್ತದೆ. ಜೇಡಿಮಣ್ಣಿಗೂ ಗೊಬ್ಬರ, ಮರಳುಮಣ್ಣಿಗೂ ಗೊಬ್ಬರ. ಒಂದನ್ನು ಸಡಿಲ ಮಾಡುವುದೂ ಅದೇ, ಇನ್ನೊಂದರಲ್ಲಿ ನೀರು ನಿಲ್ಲಿಸುವುದೂ ಅದೇ. ಮಣ್ಣು ಒದ್ದೆಯಾಗಿದ್ದಾಗ ಅಗೆಯಬೇಡಿ. ಒಂದು ಹಿಡಿ ಹಿಡಿದು ಉಂಡೆ ಮಾಡಿ, ಬೆರಳಲ್ಲಿ ಒತ್ತಿ. ಪುಡಿಯಾದರೆ ಗುದ್ದಲಿ ಹಿಡಿಯಿರಿ, ಅಂಟಿಕೊಂಡರೆ ಇನ್ನೂ ಕೆಲವು ದಿನ ಕಾಯಿರಿ.

ಹಾಗಾಗಿ ಗೊಬ್ಬರದ ರಾಶಿ ನಿಮ್ಮ ಮೊದಲನೇ ಕಟ್ಟುವ ಕೆಲಸವಾಗಲಿ. ಪಾತಿ ತಯಾರಾಗುವ ಹೊತ್ತಿಗೆ ಗೊಬ್ಬರವೂ ತಯಾರಿರುತ್ತದೆ. ನಾಲ್ಕು ಗೂಟ, ಸುತ್ತ ತಂತಿ ಬಲೆ ಅಥವಾ ಹಳೆಯ ಹಲಗೆ, ಇಷ್ಟೇ. ಉದ್ದ, ಅಗಲ, ಎತ್ತರ ಮೂರೂ 3 ಅಡಿ ಇದ್ದರೆ ಒಳಗೆ ಕಾವು ಚೆನ್ನಾಗಿ ನಿಲ್ಲುತ್ತದೆ. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಮೂರು ಬುಟ್ಟಿ ಒಣ ಎಲೆ ಬೇಕು. ತೇವ ನೋಡುವುದು ಹೇಗೆ ಅಂದರೆ, ಒಂದು ಹಿಡಿ ತೆಗೆದು ಹಿಂಡಿ. ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ನಾರುತ್ತಿದ್ದರೆ ನೀರು ಜಾಸ್ತಿಯಾಗಿದೆ, ಒಣ ಎಲೆ ಸೇರಿಸಿ ತಿರುವಿ. ಕಾವೇ ಏರದಿದ್ದರೆ ಹಸಿ ಕಸ ಕಮ್ಮಿ, ಇಲ್ಲವೇ ನೀರು ಕಮ್ಮಿ. ಆಗಾಗ ತಿರುವಿದರೆ 3ರಿಂದ 6 ತಿಂಗಳಲ್ಲಿ ಗೊಬ್ಬರ ಸಿಗುತ್ತದೆ, ತಿರುವದೆ ಬಿಟ್ಟರೆ ವರ್ಷ ಹಿಡಿಯಬಹುದು. ಮಾಂಸ, ಎಣ್ಣೆ, ಹಾಲಿನ ಪದಾರ್ಥ ಹಾಕಬೇಡಿ. ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆ ಕೂಡ ಬೇಡ.

ಕಳೆ ತುಂಬಿದ ಜಾಗವನ್ನು ಒಬ್ಬರೇ ಅಗೆಯಲು ಹೋದರೆ ಸೊಂಟ ಹೋಗುತ್ತದೆ, ಕಳೆ ಹೋಗುವುದಿಲ್ಲ. ಮಣ್ಣು ತಿರುವಿದಷ್ಟೂ ಒಳಗಿದ್ದ ಬೀಜಗಳಿಗೆ ಬೆಳಕು ಸಿಕ್ಕಿ ಮತ್ತೆ ಮೊಳೆಯುತ್ತವೆ. ಅದಕ್ಕಿಂತ ರಟ್ಟು ಹಾಸುವುದು ಒಳ್ಳೆಯದು. ಕಳೆಯನ್ನು ನೆಲಮಟ್ಟಕ್ಕೆ ಕೊಯ್ದು ನೀರು ಹಾಕಿ. ಟೇಪು, ಪಿನ್ನು ಕಿತ್ತ ರಟ್ಟನ್ನು ಒಂದರ ಮೇಲೊಂದು ಅರ್ಧ ಅಡಿ ಏರುವ ಹಾಗೆ ಹಾಸಿ, ಅದನ್ನೂ ನೆನೆಸಿ. ಮೇಲೆ 4 ಇಂಚು ಗೊಬ್ಬರ ಅಥವಾ ಎಲೆ ಹರಡಿ. ಬೆಳಕಿಲ್ಲದೆ ಕೆಲವು ತಿಂಗಳಲ್ಲಿ ಸಾಧಾರಣ ಹುಲ್ಲು ಸಾಯುತ್ತದೆ, ರಟ್ಟೂ ಕರಗಿ ಮಣ್ಣಾಗುತ್ತದೆ. ಗೆಡ್ಡೆಯಿಂದ ಹಬ್ಬುವ ಕಳೆ ಮಾತ್ರ ಇದಕ್ಕೆ ಪೂರ್ತಿ ಬಗ್ಗುವುದಿಲ್ಲ, ಅದನ್ನು ಬೇರು ಸಮೇತ ಆರಿಸಿ ತೆಗೆಯುತ್ತಲೇ ಇರಬೇಕು. ಮುಂದಿನ ಮೂಲೆಗೆ ಈ ರಟ್ಟನ್ನು ಈಗಲೇ ಹಾಸಿಡಿ. ಒಂದು ಮೂಲೆಯಲ್ಲಿ ನೀವು ಕೆಲಸ ಮಾಡುತ್ತಿರುವಾಗ ಇನ್ನೊಂದು ಮೂಲೆ ತನ್ನಷ್ಟಕ್ಕೆ ತಯಾರಾಗುತ್ತದೆ. ನಿಧಾನವಾಗಿ ಮಾಡುವುದರ ದೊಡ್ಡ ಲಾಭ ಇದೇ, ಅಲ್ವಾ?

ದಾರಿಗೆ ಬಂದರೆ, ಕಲ್ಲು ತರುವ ಮೊದಲು ನೀರಿನ ಪೈಪನ್ನೋ ಹಗ್ಗವನ್ನೋ ನೆಲದ ಮೇಲೆ ದಾರಿಯ ಆಕಾರಕ್ಕೆ ಇಟ್ಟು ಕೆಲವು ದಿನ ಅದರಲ್ಲೇ ಓಡಾಡಿ. ಕಾಲು ತನಗೆ ಬೇಕಾದ ದಾರಿಯನ್ನು ಹೇಳುತ್ತದೆ. ಒಬ್ಬರು ನಡೆಯಲು 2 ಅಡಿ ಅಗಲ ಸಾಕು, ತಳ್ಳುಗಾಡಿ ಹೋಗಬೇಕಾದರೆ 3 ಅಡಿ. ಅಗೆಯುವ ಮೊದಲು ವಿದ್ಯುತ್ ಕೇಬಲ್, ಗ್ಯಾಸ್, ನೀರು, ಚರಂಡಿ ಪೈಪುಗಳು ಎಲ್ಲಿ ಹೋಗಿವೆ ಅಂತ ಖಚಿತ ಮಾಡಿಕೊಳ್ಳಿ. ಇದರಲ್ಲಿ ಅಂದಾಜು ಬೇಡವೇ ಬೇಡ.

ಇಟ್ಟಿಗೆ ದಾರಿ ಮನೆಯವರೇ ಮಾಡಬಹುದಾದ ಕೆಲಸ. ಗೂಟ ಹೊಡೆದು ದಾರ ಕಟ್ಟಿ. ಮೂಲೆ ನೇರವಾಗಿ ಬರಬೇಕಾದರೆ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಮಾಡಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಇದ್ದರೆ ಮೂಲೆ ನೇರವಾಗಿದೆ. ತಳದಲ್ಲಿ 4 ಇಂಚು ಜಲ್ಲಿ ಹಾಕಿ ಗಟ್ಟಿಯಾಗಿ ಬಡಿಯಿರಿ, ಮೇಲೆ 1 ಇಂಚು ಮರಳು ಹಾಸಿ ಮಟ್ಟ ಮಾಡಿ, ಇಟ್ಟಿಗೆ ಕೂರಿಸಿ, ಸಂದಿಗೆ ಒಣ ಮರಳು ಗುಡಿಸಿ. ಅಂಚಿನ ಇಟ್ಟಿಗೆ ಮಾತ್ರ ಅಲುಗಾಡದಂತೆ ಭದ್ರ ಮಾಡಿ, ಇಲ್ಲದಿದ್ದರೆ ಇಡೀ ದಾರಿ ಪಕ್ಕಕ್ಕೆ ಹರಡುತ್ತದೆ. ರಸಮಟ್ಟ ಇಟ್ಟು ನೋಡಿ, ಮನೆಯಿಂದ ಹೊರಕ್ಕೆ 4 ಅಡಿಗೆ 1 ಇಂಚು ಇಳಿಜಾರು ಕೊಡಿ. ಸಿಮೆಂಟ್ ಹಾಕಿ ಕಟ್ಟಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಮರಳಿನ ಮೇಲೆ ಹಾಸಿದ್ದನ್ನು ಯಾವಾಗ ಬೇಕಾದರೂ ಎತ್ತಿ ಬೇರೆ ಕಡೆ ಹಾಸಬಹುದು, ಮಳೆನೀರೂ ಸಂದಿಯಲ್ಲಿ ಇಂಗುತ್ತದೆ. ಸಿಮೆಂಟ್ ಬೇಕೇ ಬೇಕು ಅನ್ನುವ ಕಡೆ ಕೈಗವಸು ಹಾಕಿಕೊಳ್ಳಿ, ಹಸಿ ಸಿಮೆಂಟ್ ಚರ್ಮ ಸುಡುತ್ತದೆ. ಕಟ್ಟಿದ ಮೇಲೆ ಒಂದು ವಾರವಾದರೂ ನೀರು ಉಣಿಸಿ. ಇಟ್ಟಿಗೆ ಕತ್ತರಿಸುವಾಗ ಮೂಗು, ಕಣ್ಣು ಎರಡಕ್ಕೂ ಮರೆ ಇರಲಿ.

ದಾರಿಯ ಕೆಳಗೆ ಅಡ್ಡಲಾಗಿ ಒಂದು ಖಾಲಿ ಪೈಪ್ ಹುಗಿದು ಎರಡೂ ಬಾಯಿಗೆ ಮುಚ್ಚಳ ಹಾಕಿಡಿ. ಮುಂದೆ ಹನಿ ನೀರಾವರಿ ಮಾಡುವಾಗ ಅದರೊಳಗೆ ಸಣ್ಣ ಪೈಪ್ ತೂರಿಸಿದರೆ ಸಾಕು, ಒಂದು ಇಟ್ಟಿಗೆಯನ್ನೂ ಎತ್ತಬೇಕಾಗಿಲ್ಲ. ಎಲ್ಲಿ ಹುಗಿದಿದ್ದೀರಿ ಅಂತ ನಕ್ಷೆಯಲ್ಲಿ ಬರೆದಿಡಿ.

ಎತ್ತರದ ಪಾತಿ 4 ಅಡಿಗಿಂತ ಅಗಲ ಬೇಡ. ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು. ಗೋಡೆಗೆ ಆನಿಸಿದ್ದಾದರೆ 2 ಅಡಿ. ಪಾತಿಯೊಳಗೆ ಕಾಲಿಡದಿದ್ದರೆ ಮಣ್ಣು ಅದುಮಿಕೊಳ್ಳುವುದಿಲ್ಲ, ವರ್ಷವರ್ಷ ಅಗೆಯುವ ಕೆಲಸವೂ ತಪ್ಪುತ್ತದೆ. ಹಳೆಯ ರೈಲ್ವೆ ಸ್ಲೀಪರ್ ಮರವನ್ನು ತರಕಾರಿ ಪಾತಿಗೆ ಬಳಸಬೇಡಿ. ಅದಕ್ಕೆ ಬಳಿದಿರುವ ಡಾಂಬರಿನಂಥ ಎಣ್ಣೆ ವಿಷಕಾರಿ. ಕುಂಡದ ತಳಕ್ಕೆ ಜಲ್ಲಿ ತುಂಬುವ ಅಭ್ಯಾಸವನ್ನೂ ಬಿಡಿ. ಅದರಿಂದ ನೀರು ಬೇಗ ಬಸಿಯುವುದಿಲ್ಲ, ಬೇರಿಗೆ ಜಾಗ ಕಮ್ಮಿಯಾಗುತ್ತದೆ ಅಷ್ಟೇ. ತೂತು ಸರಿಯಾಗಿದ್ದರೆ ಸಾಕು.

ಹಳೆಯ ಪೊದೆಗಳನ್ನು ನೋಡಿದ ಕೂಡಲೇ ಬುಡಸಮೇತ ಕೀಳುವ ಮನಸ್ಸಾಗುತ್ತದೆ. ಸ್ವಲ್ಪ ತಾಳಿ. ಬುಡದಿಂದ ಹಲವು ಕೊಂಬೆ ಬಿಡುವ ಪೊದೆಯಾದರೆ ಮೊದಲ ವರ್ಷ ತೀರಾ ಹಳೆಯದಾದ, ದಪ್ಪಗಿರುವ ಮೂರನೇ ಒಂದು ಭಾಗ ಕೊಂಬೆಗಳನ್ನು ನೆಲಮಟ್ಟದಲ್ಲಿ ಕತ್ತರಿಸಿ. ಮರುವರ್ಷ ಇನ್ನೊಂದು ಭಾಗ, ಮೂರನೇ ವರ್ಷ ಉಳಿದದ್ದು. ಅಷ್ಟರಲ್ಲಿ ಬುಡದಿಂದ ಹೊಸ ಚಿಗುರು ಬಂದು ಇಡೀ ಗಿಡವೇ ಹೊಸದಾಗಿರುತ್ತದೆ, ಜಾಗ ಒಂದು ದಿನವೂ ಬೋಳಾಗುವುದಿಲ್ಲ. ದೊಡ್ಡ ಮರದ ಬುಡದಲ್ಲಿ ಆಳವಾಗಿ ಅಗೆಯಬೇಡಿ, ಮಣ್ಣೂ ಏರಿಸಬೇಡಿ. ಅದರ ಹೆಚ್ಚಿನ ಬೇರುಗಳು ಮೇಲಿನ ಎರಡು ಅಡಿಯೊಳಗೇ ಹರಡಿರುತ್ತವೆ.

ಗಿಡ ನೆಡುವಾಗ ಅದು ಬೆಳೆದ ಮೇಲೆ ಎಷ್ಟು ಹರಡುತ್ತದೆ ಅಂತ ಕೇಳಿಕೊಂಡು ಅಷ್ಟು ಜಾಗ ಬಿಡಿ. ನಡುವೆ ಖಾಲಿ ಕಾಣುವುದಕ್ಕೆ ಚೆಂಡುಹೂವಿನಂಥ ಒಂದೇ ಕಾಲದ ಗಿಡ ಹಾಕಿ. ಗುಂಡಿ ಬೇರುಗಡ್ಡೆಯ ಎತ್ತರದಷ್ಟೇ ಆಳ, ಅಗಲ ಮಾತ್ರ ಎರಡು ಮೂರು ಪಟ್ಟು. ಕಾಂಡ ಬೇರಾಗಿ ಅಗಲವಾಗುವ ಜಾಗ ಮಣ್ಣಿನೊಳಗೆ ಹೂತುಹೋಗಬಾರದು. ನೆಟ್ಟ ಮೇಲೆ 2ರಿಂದ 3 ಇಂಚು ದಪ್ಪ ಎಲೆಯ ಮುಚ್ಚಿಗೆ ಹಾಕಿ, ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ. ಹೊಸ ಮರಕ್ಕೆ ಮೊದಲ ವರ್ಷ ನೀರು ತಪ್ಪಿಸಬೇಡಿ. ದಿನಾ ಸ್ವಲ್ಪ ಚಿಮುಕಿಸುವುದಕ್ಕಿಂತ ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಂತೆ ಕೊಟ್ಟರೆ ಬೇರು ಕೆಳಗೆ ಹೋಗುತ್ತದೆ.

ಭಾರ ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಸುಸ್ತಾಗುವ ಮೊದಲೇ ಆ ದಿನದ ಕೆಲಸ ನಿಲ್ಲಿಸಿ, ಪೆಟ್ಟು ಆಗುವುದು ಹೆಚ್ಚಾಗಿ ಕೊನೆಯ ಅರ್ಧ ಗಂಟೆಯಲ್ಲಿ. ಸಲಿಕೆ, ಗುದ್ದಲಿ ತೊಳೆದು ಒರೆಸಿ ಇಡಿ, ಮರದ ಹಿಡಿಗೆ ಆಗಾಗ ಅಗಸೆ ಎಣ್ಣೆ ಸವರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತನ್ನಷ್ಟಕ್ಕೇ ಬಿಸಿಯೇರಿ ಬೆಂಕಿ ಹತ್ತಬಹುದು, ಹೊರಗೆ ಹರಡಿ ಒಣಗಿಸಿ. ದಾರಿಗೆ ತಂದ ಇಟ್ಟಿಗೆಯಲ್ಲಿ ಒಂದಷ್ಟು ಎತ್ತಿಡಿ. ಆಮೇಲೆ ಒಂದೆರಡು ಒಡೆದಾಗ ಅದೇ ಬಣ್ಣದ, ಅದೇ ಅಳತೆಯ ಇಟ್ಟಿಗೆ ಸಿಗುವುದು ಕಷ್ಟ.