ಬ್ಯಾಂಕಿನ ಮುಂದಿನ ವರ್ಷದ ಲೆಕ್ಕವನ್ನು ತಂತ್ರಾಂಶದಲ್ಲಿ ಕಟ್ಟುವುದು ಹೇಗೆ?

ಕಾರ್ಖಾನೆಯ ಬಜೆಟ್ ಮಾರಾಟದಿಂದ ಶುರುವಾಗುತ್ತದೆ, ಬ್ಯಾಂಕಿನದು ಬ್ಯಾಲೆನ್ಸ್ ಶೀಟಿನಿಂದ, ಅಂದರೆ ಆಸ್ತಿ-ಹೊಣೆಗಳ ಪಟ್ಟಿಯಿಂದ. ಕೊಟ್ಟ ಸಾಲ ಎಷ್ಟು, ಪಡೆದ ಠೇವಣಿ ಎಷ್ಟು, ಅವುಗಳ ಬಡ್ಡಿ ಯಾವಾಗ ಬದಲಾಗುತ್ತದೆ ಎಂಬುದು ಗೊತ್ತಾಗದೆ ಲಾಭದ ಅಂದಾಜು ಸಿಗುವುದಿಲ್ಲ. ಹಾಗಾಗಿ ಸಾಮಾನ್ಯ ಬಜೆಟ್ ತಂತ್ರಾಂಶ ಇಲ್ಲಿ ಸಾಲದು.

ಮೊದಲು ಡೇಟಾ. ಗ್ರಾಹಕರ ಖಾತೆಗಳೆಲ್ಲ ಇರುವ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯಿಂದ ಖಾತೆವಾರು ಬಾಕಿ ತಂದು, ಅದರ ಮೊತ್ತವನ್ನು ಜನರಲ್ ಲೆಡ್ಜರ್ (ಬ್ಯಾಂಕಿನ ಮುಖ್ಯ ಲೆಕ್ಕದ ಪುಸ್ತಕ) ಜೊತೆ ತಾಳೆ ನೋಡಿ. ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿ. ವ್ಯತ್ಯಾಸವನ್ನು ‘ಇತರೆ’ ಎಂಬ ಸಾಲಿಗೆ ತಳ್ಳಿಬಿಡುವ ಚಾಳಿ ಬೇಡ.

ಆಮೇಲೆ ದಿನಾಂಕಗಳು. ಪ್ರತಿ ಸಾಲಕ್ಕೂ ಎರಡು ಬೇಕು: ಸಾಲ ತೀರುವ ದಿನ, ದರ ಬದಲಾಗುವ ದಿನ. 20 ವರ್ಷದ ಫ್ಲೋಟಿಂಗ್ (ಬದಲಾಗುವ ದರದ) ಸಾಲದ ದರ ಮೂರೇ ತಿಂಗಳಿಗೆ ಬದಲಾಗಬಹುದು. ಇದು ಯಾಕೆ ಮುಖ್ಯ ಎಂದು ಒಂದು ಲೆಕ್ಕ ಹಾಕಿ ನೋಡೋಣ. ಅಸಲು ಕೊನೆಗೆ ಬರುವಂತೆ 100 ಕೋಟಿಯನ್ನು ಶೇ 9ರ ಸ್ಥಿರ ದರಕ್ಕೆ ಐದು ವರ್ಷ ಕೊಟ್ಟಿದ್ದೀರಿ. ಹಣ ಬಂದದ್ದು ಶೇ 6ರ ಒಂದು ವರ್ಷದ ಠೇವಣಿಯಿಂದ. ಮೊದಲ ವರ್ಷ 3 ಕೋಟಿ ಉಳಿಯಿತು. ವರ್ಷ ಕಳೆದು ಠೇವಣಿ ನವೀಕರಿಸುವ ಹೊತ್ತಿಗೆ ದರ ಶೇ 8 ಆಗಿದ್ದರೆ ಉಳಿಯುವುದು 1 ಕೋಟಿ. ಸಾಲಗಾರ ಒಂದು ತಿಂಗಳ ಬಡ್ಡಿಯನ್ನೂ ತಪ್ಪಿಸಿಲ್ಲ, ಆದರೂ ಗಳಿಕೆ ಮೂರನೇ ಒಂದಕ್ಕೆ ಇಳಿಯಿತು.

ಕಷ್ಟ ಇರುವುದು ಮೂರನೇ ಹೆಜ್ಜೆಯಲ್ಲಿ. ಉಳಿತಾಯ ಖಾತೆಗೆ ಅವಧಿಯೇ ಇಲ್ಲ. ಗ್ರಾಹಕ ನಾಳೆಯೇ ಖಾಲಿ ಮಾಡಬಹುದು, ಹತ್ತು ವರ್ಷ ಮುಟ್ಟದೆಯೂ ಇರಬಹುದು. ಆ ಹಣ ಎಷ್ಟು ಕಾಲ ನಿಲ್ಲುತ್ತದೆ ಎಂಬ ಊಹೆಯನ್ನು ನೀವೇ ತುಂಬಬೇಕು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ತನ್ನ ಮಾದರಿಯಲ್ಲಿ ಈ ಅವಧಿಯನ್ನು ಹಿಗ್ಗಿಸಿತು. ಬದಲಾದದ್ದು ಊಹೆ ಮಾತ್ರ, ಆದರೆ ಕಾಗದದ ಮೇಲೆ ಬಡ್ಡಿದರದ ಅಪಾಯ ಇಳಿದುಹೋಯಿತು. 2023ರ ಮಾರ್ಚ್ 9ರಂದು ಒಂದೇ ದಿನ ಠೇವಣಿದಾರರು ಸುಮಾರು 4,200 ಕೋಟಿ ಡಾಲರ್ ವಾಪಸ್ ಕೇಳಿದರು. ಮರುದಿನ ಬ್ಯಾಂಕಿಗೆ ಬೀಗ ಬಿತ್ತು. ಊಹೆಯನ್ನು ಯಾರು, ಯಾವತ್ತು, ಯಾಕೆ ಬದಲಿಸಿದರು ಎಂದು ದಾಖಲಿಸದ ತಂತ್ರಾಂಶವನ್ನು, ಅದರ ಗ್ರಾಫ್‌ಗಳು ಎಷ್ಟೇ ಚೆಂದವಿರಲಿ, ಕೊಳ್ಳಬೇಡಿ.

ಮುಂದಿನದು ದರದ ಸನ್ನಿವೇಶಗಳು. ಬ್ಯಾಂಕುಗಳಿಗೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಬ್ಯಾಸಲ್ ಸಮಿತಿ 2016ರ ಮಾನದಂಡದಲ್ಲಿ ಆರು ಬಗೆಯ ದರದ ಆಘಾತಗಳನ್ನು (ದರದ ಹಠಾತ್ ಬದಲಾವಣೆಗಳನ್ನು) ಕೊಟ್ಟಿದೆ, ಅಷ್ಟನ್ನೂ ತಂತ್ರಾಂಶದಲ್ಲಿ ಓಡಿಸಿ ನೋಡಿ. ಮುಳುಗಬಹುದಾದ ಸಾಲಕ್ಕೂ ಜಾಗ ಇಡಿ. 2018ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 9 ಪ್ರಕಾರ ಸರಿಯಾಗಿ ಕಟ್ಟುತ್ತಿರುವ ಸಾಲಕ್ಕೂ 12 ತಿಂಗಳ ನಿರೀಕ್ಷಿತ ನಷ್ಟ ತೆಗೆದಿಡಬೇಕು; ಅಪಾಯ ಗಣನೀಯವಾಗಿ ಏರಿದರೆ ಸಾಲದ ಪೂರ್ತಿ ಅವಧಿಯದ್ದು.

ಕೊನೆಗೆ ಹಿಂದಿನ ವರ್ಷದ ಆರಂಭದ ಅಂಕಿಗಳನ್ನಷ್ಟೇ ಕೊಟ್ಟು, ತಂತ್ರಾಂಶದಿಂದಲೇ ಆ ವರ್ಷವನ್ನು ಅಂದಾಜು ಮಾಡಿಸಿ. ನಿಜವಾಗಿ ಬದಲಾದ ದರಗಳನ್ನೇ ಹಾಕಿ. ಆಗ ತಪ್ಪನ್ನು ದರದ ತಲೆಗೆ ಕಟ್ಟಲಾಗುವುದಿಲ್ಲ. ಬಂದ ಅಂದಾಜನ್ನು ಆ ವರ್ಷದ ನಿಜವಾದ ಅಂಕಿಗಳ ಜೊತೆ ಹೋಲಿಸಿ. ಠೇವಣಿಯ ಸಾಲಿನಲ್ಲೇ ದೊಡ್ಡ ಅಂತರ ಕಂಡರೆ ಮೂರನೇ ಹೆಜ್ಜೆಗೆ ವಾಪಸ್ ಹೋಗಿ.