ಕಾಸರಗೋಡಿನಲ್ಲಿ ಕೂತು ವರ್ಷಕ್ಕೆ ಮೂರು ಕಾದಂಬರಿ: ಬರೆದು ತಾವೇ ಪ್ರಕಟಿಸುವವರಿಗೆ

ದಿನಕ್ಕೆ 800 ಪದ, ವಾರಕ್ಕೆ ಐದು ದಿನ. ಹೀಗೆ ಬರೆದರೆ ಹತ್ತು ವಾರಕ್ಕೆ 40,000 ಪದಗಳ ಕಾದಂಬರಿಯ ಮೊದಲ ಕರಡು ಮುಗಿಯುತ್ತದೆ. ಮೂರು ಕರಡಿಗೆ 30 ವಾರ ಹೋದರೆ ತಿದ್ದುವುದಕ್ಕೆ ಮತ್ತು ಅಚ್ಚಿನ ಓಡಾಟಕ್ಕೆ 22 ವಾರ ಉಳಿಯುತ್ತದೆ. ಬರೆಯುವ ವೇಗ ಸಾಲದೆ ಕೆಡುವವರು ಕಡಿಮೆ. ಒಂದು ಪುಸ್ತಕ ಅಂಗಡಿ ಸೇರುವವರೆಗೆ ಇನ್ನೊಂದನ್ನು ಮುಟ್ಟದೆ ಕೂರುವುದರಿಂದಲೇ ವರ್ಷ ಕಳೆದುಹೋಗುತ್ತದೆ. ಮುಗಿದ ಕರಡನ್ನು ಒಂದು ತಿಂಗಳು ಮುಚ್ಚಿಡಿ, ಆ ತಿಂಗಳಲ್ಲಿ ಮುಂದಿನದರ ಮೊದಲ ಅಧ್ಯಾಯಗಳನ್ನು ಬರೆಯಿರಿ. ಅಡಕೆ ಕೊಯ್ಲು, ಜಾತ್ರೆ, ಕೋಲ, ಮದುವೆಗಳ ದಿನಗಳನ್ನು ವರ್ಷದ ಆರಂಭದಲ್ಲೇ ಕ್ಯಾಲೆಂಡರಿನಿಂದ ಕಳೆದುಬಿಡಿ. ನಮ್ಮ ಕಡೆ ಅವನ್ನು ಲೆಕ್ಕಕ್ಕೆ ಹಿಡಿಯದ ಯೋಜನೆ ನಿಲ್ಲುವುದಿಲ್ಲ.

ಒಂದೇ ಊರು, ಅದೇ ಪಾತ್ರಗಳು ಎರಡನೆಯ ಮೂರನೆಯ ಪುಸ್ತಕಕ್ಕೂ ಬರುವುದಾದರೆ ಮೊದಲ ದಿನದಿಂದಲೇ ಒಂದು ದಫ್ತರ ಇಡಿ. ಪಾತ್ರದ ವಯಸ್ಸು, ಮನೆತನ, ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದೆಲ್ಲ ಅದರಲ್ಲಿರಬೇಕು. ಕಾಸರಗೋಡಿನ ಲೇಖಕರಿಗೆ ಇದಕ್ಕಿಂತ ಮುಖ್ಯವಾದದ್ದು ಮಾತಿನ ಕಾಗುಣಿತ. ಒಂದೇ ಅಂಗಳದಲ್ಲಿ ಕನ್ನಡ, ತುಳು, ಮಲಯಾಳ, ಹವ್ಯಕ, ಕೊಂಕಣಿ, ಬ್ಯಾರಿ ಓಡಾಡುತ್ತವೆ. ಆದರೆ ಇವುಗಳ ಆಡುಮಾತನ್ನು ಕನ್ನಡ ಲಿಪಿಯಲ್ಲಿ ಹೇಗೆ ಬರೆಯಬೇಕೆಂದು ಎಲ್ಲರೂ ಒಪ್ಪಿದ ನಿಯಮವಿಲ್ಲ. ಹವ್ಯಕ ಸಂಭಾಷಣೆಯಲ್ಲಿ ‘ಆವುತ್ತು’ ಎಂದೋ ‘ಆವ್ತು’ ಎಂದೋ, ತುಳುವಿನಲ್ಲಿ ‘ಪೊಣ್ಣು’ ಎಂದೋ ‘ಪೊಣ್ಣ್’ ಎಂದೋ ಒಮ್ಮೆ ತೀರ್ಮಾನಿಸಿ ದಫ್ತರದಲ್ಲಿ ಬರೆದಿಡಿ. ಊರಿನ ಹೆಸರೂ ಹಾಗೆಯೇ: ನಿರೂಪಣೆಯಲ್ಲಿ ಹೊಸದುರ್ಗ, ಮಲಯಾಳ ಮಾತಾಡುವ ಪಾತ್ರದ ಬಾಯಲ್ಲಿ ಕಾಞಂಗಾಡ್. ಅಡಿಟಿಪ್ಪಣಿ ಹಾಕಬೇಡಿ, ಓದು ಕಡಿಯುತ್ತದೆ. ಎದುರಿನವನ ಉತ್ತರದಿಂದಲೇ ಪದದ ಅರ್ಥ ತಿಳಿಯುವಂತೆ ಸನ್ನಿವೇಶ ಕಟ್ಟಿದರೆ ಬಯಲುಸೀಮೆಯ ಓದುಗರಿಗೂ ತೊಡಕಾಗದು. ಅವರಿಗೆ ಅರ್ಥವಾಗಲೆಂದು ಎಲ್ಲರ ಬಾಯಲ್ಲೂ ಪುಸ್ತಕದ ಕನ್ನಡ ಆಡಿಸಿದರೆ, ನಿಮ್ಮ ಪುಸ್ತಕದಲ್ಲಿ ಮಾತ್ರ ಸಿಗುವಂಥದ್ದೇ ಇಲ್ಲವಾಗುತ್ತದೆ.

ಬರೆಯುವುದು ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತವಿರುವ ಯೂನಿಕೋಡ್‌ನಲ್ಲೇ ಇರಲಿ. ಅಚ್ಚಿಗೆ ಪುಟ ಜೋಡಿಸುವ ಅನೇಕ ಡಿ.ಟಿ.ಪಿ. ಕೇಂದ್ರಗಳು ಈಗಲೂ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ನುಡಿ ಅಥವಾ ಶ್ರೀಲಿಪಿಯ ಹಳೆಯ ಆಸ್ಕಿ ಅಕ್ಷರ ಬಳಸುತ್ತವೆ. ಅದಕ್ಕೆ ಬದಲಾಯಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ದೀರ್ಘ ಬಿಟ್ಟುಹೋಗುತ್ತದೆ, ‘ಕಾಸರಗೋಡ್‌ನಲ್ಲಿ’ ಎಂಬಲ್ಲಿ ಡಕಾರದ ಕೆಳಗೆ ನಕಾರದ ಒತ್ತು ಬಂದು ಕೂರುತ್ತದೆ. ಆಸ್ಕಿಯಲ್ಲಿ ಕನ್ನಡದ ತುಣುಕುಗಳು ರೋಮನ್ ಅಕ್ಷರಗಳ ಜಾಗದಲ್ಲೇ ಇರುವುದರಿಂದ ನಡುವೆ ಬಂದ ಇಂಗ್ಲಿಷ್ ಪದ ಅರ್ಥವಿಲ್ಲದ ಕನ್ನಡವಾಗಿ ಕಾಣಿಸುತ್ತದೆ. ಇಂಡಿಸೈನ್ ತಂತ್ರಾಂಶ ಇರುವ ಕಡೆ ಪುಟ ಕಟ್ಟಿಸಿದರೆ ಈ ಕಾಟವಿಲ್ಲ. ಅಲ್ಲಿ ಪ್ಯಾರಾಗ್ರಾಫ್ ಆಯ್ಕೆಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಹಾಕಲು ಹೇಳಿ, ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ.

ಎರಡನೆಯ ಮುದ್ರಣದಲ್ಲಿ ಹಳೆಯ ತಪ್ಪು ಮರಳಿ ಬರುವುದಕ್ಕೆ ಮುಖ್ಯ ಕಾರಣ: ಕೊನೆಯ ಪ್ರೂಫಿನ ತಿದ್ದುಪಡಿ ಡಿ.ಟಿ.ಪಿ.ಯವರ ಕಡತದಲ್ಲಿ ಮಾತ್ರ ಸೇರಿರುತ್ತದೆ. ಪ್ರೂಫ್ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿದ ಪ್ರತಿಯೊಂದನ್ನೂ ಅದೇ ದಿನ ನಿಮ್ಮ ಯೂನಿಕೋಡ್ ಕಡತದಲ್ಲೂ ತಿದ್ದಿ. ಇ-ಪುಸ್ತಕಕ್ಕೆ ಬೇಕಾಗುವುದು ಆ ಕಡತವೇ. ಅದನ್ನು ಎಲ್ಲಿಗೆ ಕೊಡುವುದು? ಅಮೆಜಾನಿನ ಇ-ಪುಸ್ತಕ ವೇದಿಕೆ ಕಿಂಡಲ್ 2016ರಲ್ಲಿ ಭಾರತೀಯ ಭಾಷೆಗಳ ಪುಸ್ತಕ ಶುರುಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಕ್ಕೆ ಜಾಗವಿತ್ತು, ಕನ್ನಡಕ್ಕೆ ಇರಲಿಲ್ಲ. ಹಾಗಾಗಿ ಮೈಲ್ಯಾಂಗ್‌ನಂಥ ಕನ್ನಡದ್ದೇ ವೇದಿಕೆಗಳನ್ನು ಮೊದಲು ನೋಡಿ. ಪ್ರತಿಲಿಪಿ ಜಾಲತಾಣದಲ್ಲಿ ಧಾರಾವಾಹಿಯಾಗಿ ಹಾಕುವುದಾದರೆ ಹಕ್ಕಿನ ಷರತ್ತುಗಳನ್ನು ಪೂರ್ತಿ ಓದಿದ ಮೇಲೆಯೇ ಮೊದಲ ಕಂತು ಹಾಕಿ.

ಇನ್ನು ಅಚ್ಚು. ಡೆಮಿ 1/8 ಅಂದರೆ 5.5 x 8.5 ಇಂಚು, ಒಂದು ಫಾರಂಗೆ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಹಾಳೆಗೆ, 16 ಪುಟ. ಪುಟಕ್ಕೆ ಸುಮಾರು 240 ಪದದಂತೆ 40,000 ಪದಕ್ಕೆ 167 ಪುಟ. ಶೀರ್ಷಿಕೆ, ಅರಿಕೆ ಸೇರಿ 176 ಪುಟ, ಹನ್ನೊಂದು ಫಾರಂ. 178 ಪುಟವಾದರೆ ಎರಡು ಪುಟಕ್ಕಾಗಿ ಇನ್ನೊಂದು ಫಾರಂನ ಖರ್ಚು ಬೀಳಬಹುದು, ಅಧ್ಯಾಯದ ಕೊನೆಯ ಒಂಟಿ ಸಾಲುಗಳನ್ನು ಎಳೆದುಕೊಂಡು ಸರಿಮಾಡಿ. 70 ಜಿ.ಎಸ್.ಎಂ. ಮ್ಯಾಪ್ಲಿತೊ ಕಾಗದದಲ್ಲಿ ಪುಸ್ತಕದ ಬೆನ್ನು 8ರಿಂದ 9 ಮಿ.ಮೀ. ಬರುತ್ತದೆ. ಕಾಗದ ನಿಶ್ಚಯವಾಗುವ ಮೊದಲೇ ಮುಖಪುಟ ಮುಗಿಸಿದರೆ ಬೆನ್ನಿನ ಹೆಸರು ಪಕ್ಕಕ್ಕೆ ಜಾರುತ್ತದೆ. ಈ ಪುಸ್ತಕದ ತೂಕ ಸುಮಾರು 205 ಗ್ರಾಂ. 2025ರ ಮೇ 1ರಂದು ಬಂದ ಅಂಚೆಯ ಪುಸ್ತಕ ಸೇವೆ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂವರೆಗೆ 20 ರೂಪಾಯಿ, ಜೊತೆಗೆ ತೆರಿಗೆ. ಹದಿನಾಲ್ಕು ಫಾರಂ ದಾಟಿದರೆ ಪ್ಯಾಕಿಂಗ್ ಸೇರಿ ಆ ಮಿತಿ ಮೀರುತ್ತದೆ. ಈ ಸೇವೆಗೆ ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ಜಾಹೀರಾತು ಬೇಡ. ಮೊದಲ ಪ್ರತಿಯನ್ನು ಅಂಚೆ ಕಚೇರಿಯಲ್ಲಿ ತೋರಿಸಿ ವಿಚಾರಿಸಿಕೊಳ್ಳಿ.

ಮುನ್ನೂರು ಪ್ರತಿಯೊಳಗಾದರೆ ಡಿಜಿಟಲ್ ಮುದ್ರಣ ಸಾಕು, ಐನೂರರಿಂದ ಮೇಲೆ ಆಫ್‌ಸೆಟ್ ಅಗ್ಗ. ಹೊಸಬರು ಪ್ರತಿಯ ದರ ಕಡಿಮೆಯಾಗುತ್ತದೆಂದು ಸಾವಿರ ಹೊಡೆಸಬಾರದು. ಆ ದುಡ್ಡಿನಲ್ಲಿ ಮುಂದಿನ ಪುಸ್ತಕವೇ ಅಚ್ಚಾಗುತ್ತಿತ್ತು. ಬೆಲೆ ಹಾಕುವಾಗ ಹೀಗೆ ನೋಡಿ. ಪ್ರತಿಗೆ 90 ರೂಪಾಯಿ ಬಿದ್ದು, 180 ಬೆಲೆಯಿಟ್ಟು, ಮಾರಾಟಗಾರರಿಗೆ ಶೇ. 40 ಬಿಟ್ಟರೆ ಕೈಗೆ ಬರುವುದು 108. ಉಳಿದ 18 ರೂಪಾಯಿಯನ್ನು ಸಾಗಾಟ ಮತ್ತು ಗೌರವ ಪ್ರತಿಗಳೇ ತಿನ್ನುತ್ತವೆ. ಎರಡೂವರೆ ಪಟ್ಟು, ಅಂದರೆ 225 ಇಟ್ಟರೆ 45 ಉಳಿಯುತ್ತದೆ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಜಾಲತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು, ದುಡ್ಡು ಕೇಳುವ ಮಧ್ಯವರ್ತಿ ಬೇಡ. ಅಚ್ಚಿನ ಪುಸ್ತಕಕ್ಕೊಂದು, ಇ-ಪುಸ್ತಕಕ್ಕೊಂದು ಸಂಖ್ಯೆ ಬೇಕು. ಏನೂ ಬದಲಿಸದ ಮರುಮುದ್ರಣಕ್ಕೆ ಹಳೆಯದೇ ಸಾಕು. 1954ರ ಕಾಯಿದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈಯ ಕನ್ನೆಮಾರಾ, ಮುಂಬೈಯ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನು ನಮ್ಮ ಖರ್ಚಿನಲ್ಲೇ ಕಳಿಸಬೇಕು.

ಗಡಿಯ ಈಚೆ ಇರುವುದರಿಂದ ನಮಗೆ ಎರಡು ಬಾಗಿಲು. ಕರ್ನಾಟಕದ ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಪುಸ್ತಕ ಕೊಳ್ಳುತ್ತದೆ. ಹಣ ತಡವಾಗಿ ಬರಬಹುದು, ಅದನ್ನು ನಂಬಿ ಸಾಲ ಮಾಡಬೇಡಿ. ಇನ್ನೊಂದು, ಕೇರಳದ ಜಿಲ್ಲಾ ಲೈಬ್ರರಿ ಕೌನ್ಸಿಲ್ ನಡೆಸುವ ಪುಸ್ತಕೋತ್ಸವ. ಸದಸ್ಯ ವಾಚನಾಲಯಗಳು ತಮ್ಮ ಅನುದಾನದಿಂದ ಅಲ್ಲೇ ಪುಸ್ತಕ ಆರಿಸಿಕೊಳ್ಳುತ್ತವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ವಾಚನಾಲಯಗಳ ಕಾರ್ಯದರ್ಶಿಗಳಿಗೆ ಮೊದಲೇ ಪಟ್ಟಿ ತಲುಪಿಸಿ, ಬಿಲ್ ಪುಸ್ತಕ ಜೊತೆಗಿರಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಚ್ಚು ಹಾಕಿಸದಿರುವುದು ಒಳ್ಳೆಯದು. ಕಾಗದ ತೇವ ಹೀರಿ ಪುಟ ಅಲೆಯಾಗುತ್ತದೆ, ಲ್ಯಾಮಿನೇಶನ್ ಹಾಕಿದ ಮುಖಪುಟ ಸುರುಳಿ ಸುತ್ತುತ್ತದೆ. ಉಳಿದ ಕಟ್ಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಗೆದ್ದಲು ನೆಲದಿಂದಲೂ ಗೋಡೆಯಿಂದಲೂ ಬರುತ್ತದೆ.